ಟ್ಯಾಂಕ್ ಫುಲ್, ಮುಳ್ಳು ಮಾತ್ರ ಅರ್ಧಕ್ಕೆ

ಅಮೆರಿಕದ ಸೇನೆ ಹರಾಜು ಹಾಕಿದ ಎಂ35ಎ2 ಲಾರಿ ಕೊಂಡ ಓದುಗರೊಬ್ಬರಿಗೆ ಟ್ಯಾಂಕ್ ತುಂಬಿಸಿದರೂ ಡೀಸೆಲ್ ಮುಳ್ಳು ಅರ್ಧ ದಾಟದ ಚಿಂತೆ. ಗೇಜನ್ನೇ ಬದಲಿಸುವ ಅವಸರ ಅವರಿಗೆ ಬೇಡ.

ಟ್ಯಾಂಕಿನೊಳಗೆ ತೇಲುವ ಫ್ಲೋಟ್ ಮೇಲೇರಿದಂತೆ, ಗೇಜಿಗೆ ಮಟ್ಟ ತಿಳಿಸುವ ಸೆಂಡರಿನ ರೋಧ ಸೊನ್ನೆಯಿಂದ ಸುಮಾರು 30 ಓಮ್‌ಗೆ ಏರುತ್ತದೆ. ಸ್ವಿಚ್ ಹಾಕಿ ಸೆಂಡರಿನ ವೈರ್ ಕಳಚಿದರೆ ಮುಳ್ಳು ಫುಲ್‌ಗೆ ಜಿಗಿಯಬೇಕು. ಅದೇ ವೈರನ್ನು ಚಾಸಿಗೆ ತಾಗಿಸಿದರೆ ಖಾಲಿಗೆ ಇಳಿಯಬೇಕು. (ಟ್ಯಾಂಕಿನ ಬಾಯಿ ಮುಚ್ಚಿರಲಿ, ಕಿಡಿ ಹಾರೀತು.) ಎರಡೂ ಸರಿಯಾಗಿ ಆದರೆ ಗೇಜು, ವೈರು ನಿರಪರಾಧಿಗಳು.

ಆಮೇಲೆ ಸೆಂಡರ್ ಬಿಚ್ಚಿ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಲಿ. ಒಳಗೆ ಡೀಸೆಲ್ ಕುಲುಕಿದರೆ ಕಳ್ಳ ಸಿಕ್ಕಂತೆ.

ಹೊಸ ಸೆಂಡರೂ 0–30 ಓಮ್‌ನದೇ ಇರಲಿ. ಕಾರಿನ ಅಂಗಡಿಯಲ್ಲಿ ಸಿಗುವ 240–33 ಓಮ್‌ನದು ಹಾಕಿದರೆ, ಟ್ಯಾಂಕ್ ಬತ್ತಿದರೂ ಮುಳ್ಳು ಫುಲ್ ಬಿಟ್ಟು ಕದಲುವುದಿಲ್ಲ.