ಶನಿವಾರ ನಿಮಗೆ, ಭಾನುವಾರ ಅವರಿಗೆ

ಪ್ರಶ್ನೆ: ನನಗೆ 56 ವರ್ಷ. ಮುಂದಿನ ತಿಂಗಳು ನಾವಿಬ್ಬರೂ ಡೊಂಬಿವಲಿಯಲ್ಲಿರುವ ಮಗನ ಮನೆಗೆ ಹೋಗುವವರಿದ್ದೇವೆ. ಮುಂಬೈ ತಿರುಗಾಡಲಿಕ್ಕೆ ಸಿಗುವುದು ಶನಿವಾರ, ಭಾನುವಾರ ಎರಡೇ ದಿನ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೈಯರ್ ಪರೀಕ್ಷೆ ಪಾಸು ಮಾಡಿದ್ದೆ. ಮದುವೆಯಾದ ಮೇಲೆ ರಂಗೋಲಿ ಬಿಟ್ಟರೆ ಬೇರೇನೂ ಬರೆದಿಲ್ಲ. ದೊಡ್ಡ ಊರಿನ ಆರ್ಟ್ ಗ್ಯಾಲರಿ, ಮ್ಯೂಸಿಯಂ ನೋಡಬೇಕು, ಆ ಬೀದಿಗಳಲ್ಲಿ ನಡೆಯಬೇಕು ಎಂಬ ಆಸೆ ಮಾತ್ರ ಹಾಗೇ ಉಳಿದಿದೆ. ಹನ್ನೊಂದು ಜಾಗಗಳ ಪಟ್ಟಿ ಮಾಡಿಟ್ಟಿದ್ದೇನೆ. ಇವರಿಗೆ ಮೊಣಕಾಲು ನೋವು, ಚಿತ್ರಗಳಲ್ಲಿ ಆಸಕ್ತಿಯೂ ಇಲ್ಲ. ‘ಸಿದ್ಧಿವಿನಾಯಕನ ದರ್ಶನ ಮಾಡಿ ಬಂದರೆ ಸಾಕು’ ಅನ್ನುತ್ತಾರೆ. ನಾನು ಹಠ ಹಿಡಿದರೆ ಮಗನ ಮನೆಯಲ್ಲಿ ಎಲ್ಲರ ಮುಖ ಬಾಡುತ್ತದೆ. ಒಬ್ಬಳೇ ಹೋಗಲು ಹೆದರಿಕೆ. ಹೋದರೂ ಆ ಚಿತ್ರಗಳು ನನಗೆ ಅರ್ಥವಾಗಲಿಕ್ಕಿಲ್ಲ ಎಂಬ ನಾಚಿಕೆ ಬೇರೆ. ಈ ವಯಸ್ಸಿನಲ್ಲಿ ಇಂಥ ಆಸೆ ಸ್ವಾರ್ಥವೇ?
– ಹೆಸರು ಬೇಡ, ಕಾರ್ಕಳ ತಾಲೂಕು

ಉತ್ತರ: ಸ್ವಾರ್ಥವಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲಿನಲ್ಲಿ ನೀವು ಕೇಳಿರುವ ಪ್ರಶ್ನೆಯನ್ನು ನನ್ನ ಮುಂದೆ ಕುಳಿತ ಎಷ್ಟೋ ಹೆಂಗಸರು ಕೇಳಿದ್ದಾರೆ. ಒಬ್ಬರಿಗೆ ಸಂಗೀತ, ಒಬ್ಬರಿಗೆ ಈಜು, ಇನ್ನೊಬ್ಬರಿಗೆ ಒಂದು ಮಧ್ಯಾಹ್ನ ಸುಮ್ಮನೆ ಕೂತು ಓದುವುದು. ಬೇಕು ಅಂದದ್ದು ಬಹಳ ಚಿಕ್ಕದು, ಅದಕ್ಕೆ ಕಾದದ್ದು ಮಾತ್ರ ಮೂವತ್ತು ವರ್ಷ. ಎರಡು ದಿನದಲ್ಲಿ ಒಂದನ್ನು ನಿಮಗಾಗಿ ಇಟ್ಟುಕೊಂಡರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ.

ಮೊದಲು ಮನೆಯ ಮಾತು. ‘ನೋಡುವ, ಆದರೆ ಹೋಗುವ’ ಎಂದು ಗೋಡೆಗೆ ಹೇಳಿದ ಹಾಗೆ ಹೇಳಬೇಡಿ. ರೈಲು ಹತ್ತುವ ಮುಂಚೆಯೇ, ಊರಿನಲ್ಲಿಯೇ, ಯಜಮಾನರು ಊಟ ಮುಗಿಸಿ ಸಮಾಧಾನದಲ್ಲಿರುವಾಗ ನೇರವಾಗಿ ಹೇಳಿ: ‘ಶನಿವಾರ ನಾನು ಮ್ಯೂಸಿಯಂ ನೋಡಲಿಕ್ಕೆ ಹೋಗುತ್ತೇನೆ, ಭಾನುವಾರ ನೀವು ಹೇಳಿದಲ್ಲಿಗೆ ಬರುತ್ತೇನೆ.’ ಅಪ್ಪಣೆ ಕೇಳುವ ದನಿ ಬೇಡ, ಜಗಳದ ದನಿಯೂ ಬೇಡ. ಅವರು ಚಿತ್ರಗಳನ್ನು ಮೆಚ್ಚಲೇಬೇಕೆಂದು ನಿರೀಕ್ಷಿಸಬೇಡಿ. ಅವರ ಕಾಲು ನೋವು ನಿಜವಾದದ್ದು. ಪಕ್ಕದಲ್ಲಿ ನಿಂತು ಗಡಿಯಾರ ನೋಡುವವರನ್ನು ಎಳೆದುಕೊಂಡು ಹೋದರೆ ನಿಮಗೂ ನೋಡಲಾಗುವುದಿಲ್ಲ. ಮಗನೊಂದಿಗೆ ಅವರು ಮನೆಯಲ್ಲಿರಲಿ. ಮಗನಿಗೆ ನಿಮ್ಮ ಜೊತೆ ಬರುವ ಮನಸ್ಸಿದ್ದರೆ ಬರಲಿ, ಆದರೆ ‘ಅಮ್ಮಾ ಆಯಿತಾ’ ಎಂದು ಅವಸರ ಮಾಡುವುದಿಲ್ಲ ಎಂಬ ಒಪ್ಪಂದದ ಮೇಲೆ.

ಭಾನುವಾರ ಸಿದ್ಧಿವಿನಾಯಕನ ದರ್ಶನ ಮುಗಿಸಿ ಮಾಟುಂಗಾಕ್ಕೆ ಹೋಗಿ. ಅಲ್ಲಿನ ಸ್ಟೇಷನ್ನಿನ ಪಕ್ಕದಲ್ಲಿ ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆಲೆ ಊಟ. ತೆರೆದಿದೆಯೇ ಎಂದು ಮಗ ಮೊದಲೇ ಒಂದು ಫೋನು ಮಾಡಿ ಕೇಳಲಿ. ನಿಮ್ಮವರಿಗೆ ಮುಂಬೈ ಅಲ್ಲಿ ಹಿಡಿಸಬಹುದು.

ಇನ್ನು ಆ ಪಟ್ಟಿ. ಹನ್ನೊಂದರಲ್ಲಿ ಎಂಟನ್ನು ಹೊಡೆದುಹಾಕಿ. ಇದು ನನ್ನ ಖಚಿತ ಅಭಿಪ್ರಾಯ. ಬಾಸ್ಟನ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಗಿಲ್ಮನ್ ಎಂಬವರು 1916ರಲ್ಲೇ ಒಂದೇ ಸಮನೆ ನೋಡಿ ನೋಡಿ ಆಗುವ ಸುಸ್ತಿಗೆ ‘ಮ್ಯೂಸಿಯಂ ದಣಿವು’ ಎಂದು ಹೆಸರಿಟ್ಟು ಲೇಖನ ಬರೆದರು. ಬಗ್ಗಿ, ಕತ್ತು ಚಾಚಿ, ನಿಂತು ನಿಂತು ನೋಡುವುದರಲ್ಲಿ ದೇಹ ಸೋಲುತ್ತದೆ, ಹಿಂದೆಯೇ ಮನಸ್ಸೂ ಮುಚ್ಚಿಕೊಳ್ಳುತ್ತದೆ. ಒಂದು ಗಂಟೆಯಾದ ಮೇಲೆ ನೋಡಿದ್ದೇ ನೋಡಿದಂತೆ ಕಂಡರೆ ಅದು ನಿಮ್ಮ ತಿಳಿವಳಿಕೆಯ ಕೊರತೆಯಲ್ಲ, ಕಾಲಿನ ಸುಸ್ತು. ಆಗ ಹೊರಗೆ ಬಂದು ಕುಳಿತುಕೊಳ್ಳಿ, ನೀರು ಕುಡಿಯಿರಿ.

ಶನಿವಾರವೇ ಯಾಕೆಂದರೆ, ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ ಇರುತ್ತದೆ, ಲೋಕಲ್‌ಗಳು ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಬೆಳಗಿನ ನೂಕುನುಗ್ಗಲು ಇಳಿದ ಮೇಲೆ, ಹತ್ತು ಗಂಟೆಯ ನಂತರ ಡೊಂಬಿವಲಿಯಿಂದ ಲೇಡೀಸ್ ಡಬ್ಬಿ ಹತ್ತಿ. ಕೊನೆಯ ಸ್ಟೇಷನ್ ಸಿಎಸ್‌ಎಂಟಿ, ಇಳಿಯುವುದು ತಪ್ಪಿಹೋಗುವ ಪ್ರಶ್ನೆಯೇ ಇಲ್ಲ. ಹೊರಗೆ ಬಂದವರೇ ಟ್ಯಾಕ್ಸಿ ಹುಡುಕಬೇಡಿ, ತಿರುಗಿ ನಿಂತು ನೀವು ಇಳಿದ ಕಟ್ಟಡವನ್ನೇ ನೋಡಿ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ: ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು. ಕಮಾನುಗಳ ಸಂದಿಯಲ್ಲಿ ಬಳ್ಳಿ, ಎಲೆ, ಹಕ್ಕಿ, ಪ್ರಾಣಿಗಳ ಕೆತ್ತನೆ. ಅದರಲ್ಲಿ ಹೆಚ್ಚಿನದನ್ನು ಮಾಡಿದವರು ಹತ್ತಿರದಲ್ಲೇ ಇರುವ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು. ದಿನವೂ ಲಕ್ಷಗಟ್ಟಲೆ ಜನ ಆ ಹಕ್ಕಿಗಳ ಕೆಳಗೇ ಓಡುತ್ತಾರೆ. ನಿಮಗೆ ಓಡಬೇಕಾಗಿಲ್ಲ.

ಅಲ್ಲಿಂದ ಡಿ.ಎನ್. ರಸ್ತೆ ಹಿಡಿಯಿರಿ. ಅಂಗಡಿಗಳ ಮುಂದೆ ಉದ್ದಕ್ಕೂ ಕಮಾನಿನ ಮೊಗಸಾಲೆ, ಬಿಸಿಲಿಗೆ ಅದೇ ಕೊಡೆ. ಫ್ಲೋರಾ ಫೌಂಟನ್ ದಾಟಿ ಮುಂದೆ ಹೋದರೆ ಕಾಲಾ ಘೋಡಾ. ಒಟ್ಟು ಸುಮಾರು ಎರಡು ಕಿಲೋಮೀಟರ್. ಈ ಹೆಸರು ತಂದ ಕಪ್ಪು ಕುದುರೆಯ ಮೇಲೆ ಮೊದಲು ಏಳನೇ ಎಡ್ವರ್ಡ್ ಇದ್ದ, 1965ರಲ್ಲಿ ಆ ಪ್ರತಿಮೆಯನ್ನು ಅಲ್ಲಿಂದ ತೆಗೆದು ಬೈಕುಲ್ಲಾಕ್ಕೆ ಸಾಗಿಸಿದರು. ಕುದುರೆ ಹೋದರೂ ಜಾಗದ ಹೆಸರು ಹೋಗಲಿಲ್ಲ. 2017ರಲ್ಲಿ ಹೊಸದೊಂದು ಕುದುರೆ ಬಂತು, ಸವಾರನಿಲ್ಲದ್ದು.

ನಾನು ಉಳಿಸಿದ ಮೂರು ಜಾಗಗಳೂ ಅಲ್ಲೇ ಆಸುಪಾಸಿನಲ್ಲಿವೆ. ಮೊದಲನೆಯದು ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯ. ದಾರಿ ಕೇಳುವಾಗ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನಿ, ಹಳಬರಿಗೆ ಅದೇ ಹೆಸರು. 1922ರಿಂದ ಜನರಿಗೆ ತೆರೆದಿದೆ. ಕಟ್ಟಡ ನೋಡಿ ಎದೆಗುಂದಬೇಡಿ, ನೇರವಾಗಿ ಶಿಲ್ಪಗಳ ಕೋಣೆಗೆ ಹೋಗಿ. ಅಲ್ಲಿ ನಮ್ಮ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯಿಂದ ಬಂದ ದೊಡ್ಡ ಚಪ್ಪಡಿಗಳಿವೆ. ಬ್ರಹ್ಮ, ವಿಷ್ಣು, ಶಿವ, ಏಳನೇ ಶತಮಾನದವರು. ಗುಡಿಯಲ್ಲಿದ್ದಾಗ ಭಕ್ತರು ಕತ್ತೆತ್ತಿ ನೋಡಬೇಕಿತ್ತು, ಇಲ್ಲಿ ಅವರು ಗೋಡೆಯ ಮೇಲೆ ನಿಮ್ಮ ಎದುರಿಗೇ ಇದ್ದಾರೆ. ಬ್ರಹ್ಮನ ಮುಂದೆ ನಿಲ್ಲಿ. ನಾಲ್ಕು ಮುಖಗಳಲ್ಲಿ ಕಾಣುವುದು ಮೂರು. ನಾಲ್ಕನೆಯದನ್ನು ಶಿಲ್ಪಿ ಕಲ್ಲಿನ ಒಳಗೇ ಬಿಟ್ಟಿದ್ದಾನೆ, ಅದನ್ನು ಪೂರ್ತಿ ಮಾಡುವುದು ನಿಮ್ಮ ಮನಸ್ಸು.

ಅರ್ಥವಾಗಲಿಕ್ಕಿಲ್ಲ ಎಂದಿರಲ್ಲ, ಅದಕ್ಕೆ ನನ್ನ ಉತ್ತರ ಇಷ್ಟೇ. ಫಲಕವನ್ನು ಮೊದಲು ಓದಬೇಡಿ. ಕೋಣೆಗೆ ಒಂದು ಸುತ್ತು ಹಾಕಿ, ಯಾವುದು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೋ ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ಬಳಿಕ ಕಾವಲುಗಾರರನ್ನು ಒಂದು ಮಾತು ಕೇಳಿ, ಸಣ್ಣ ಪುಸ್ತಕ ತೆರೆದು ಪೆನ್ಸಿಲಿನಲ್ಲಿ ಆ ಕೈಯ ಒಂದು ಬಾಗು, ಕಿರೀಟದ ಒಂದು ಸುರುಳಿ ಬರೆದುಕೊಳ್ಳಿ. ಚೆನ್ನಾಗಿ ಬರಬೇಕೆಂದಿಲ್ಲ. ಬರೆಯಲು ಹೊರಟ ಕೂಡಲೇ ಕಣ್ಣು ನಿಧಾನವಾಗುತ್ತದೆ. ಅಲ್ಲಿಯವರೆಗೆ ಕಾಣದ ಬೆರಳು, ಉಂಗುರ ಎಲ್ಲ ಕಾಣುತ್ತದೆ. ಚುಕ್ಕಿ ಇಟ್ಟು ಎಳೆ ಎಳೆಯುವ ನಿಮ್ಮ ಕೈಗೆ ಗೆರೆಯ ಭಾಷೆ ಹೊಸದಲ್ಲ.

ಮ್ಯೂಸಿಯಂನಿಂದ ಹೊರಬಿದ್ದರೆ ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ. ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಪ್ರದರ್ಶನಗಳು ವಾರಕ್ಕೊಮ್ಮೆ ಬದಲಾಗುತ್ತವೆ, ಚಿತ್ರ ಬರೆದವರೇ ಎಷ್ಟೋ ಸಲ ಅಲ್ಲಿ ಕುಳಿತಿರುತ್ತಾರೆ. ‘ಇದನ್ನು ಹೇಗೆ ಮಾಡಿದಿರಿ’ ಎಂದು ಕೇಳಿ, ಸಂತೋಷದಿಂದ ಹೇಳುತ್ತಾರೆ. ನಿಮಗೆ ಆ ಬಾಗಿಲಲ್ಲಿ ಹಿಂಜರಿಕೆಯಾದರೆ ಒಂದು ಸಂಗತಿ ನೆನಪಿಟ್ಟುಕೊಳ್ಳಿ. 1952ರಲ್ಲಿ ಈ ಗ್ಯಾಲರಿ ಆಗುವಂತೆ ಸರ್ ಕಾವಸ್‌ಜಿ ಜಹಾಂಗೀರರನ್ನು ಒತ್ತಾಯಿಸಿದವರು ಇಬ್ಬರು: ವಿಜ್ಞಾನಿ ಹೋಮಿ ಭಾಭಾ, ಇನ್ನೊಬ್ಬರು ಕೆ.ಕೆ. ಹೆಬ್ಬಾರರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು, ಜೆ.ಜೆ.ಯಲ್ಲಿ ಕಲಿತು ಅಲ್ಲಿಯೇ ಕಲಿಸಿದವರು. ಗೆರೆಗೆ ಲಯ ಬರಬೇಕೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ನಿಮ್ಮ ಪಕ್ಕದೂರಿನವರು ಒತ್ತಾಯಿಸಿ ಆಗಮಾಡಿಸಿದ ಗ್ಯಾಲರಿ ಅದು. ಹೊಸಿಲು ದಾಟಲು ನಿಮಗೆಂಥ ನಾಚಿಕೆ?

ಶಕ್ತಿ ಉಳಿದಿದ್ದರೆ ಮಾತ್ರ ಮೂರನೆಯದು, ರಸ್ತೆಯ ಆಚೆಗಿನ ಎನ್‌ಜಿಎಂಎ, ಅಂದರೆ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್. ಸೋಮವಾರ ರಜೆ, ಶನಿವಾರ ತೆರೆದಿರುತ್ತದೆ. ಮೊದಲು ಸಭೆ, ಕಚೇರಿಗಳು ನಡೆಯುತ್ತಿದ್ದ ಹಾಲ್ ಅದು, 1996ರಲ್ಲಿ ಆಧುನಿಕ ಕಲೆಯ ಮನೆಯಾಯಿತು. ಸುತ್ತು ಸುತ್ತಾಗಿ ಮೆಟ್ಟಿಲು ಹತ್ತಬೇಕು. ಕಾಲು ಬೇಡವೆಂದರೆ ಬಿಟ್ಟುಬಿಡಿ, ಬೇಸರವಿಲ್ಲದೆ ಬಿಡಿ. ಬದಲಿಗೆ ಜಹಾಂಗೀರ್ ಗ್ಯಾಲರಿಯ ಹೊರಗಿನ ಫುಟ್‌ಪಾತಿನಲ್ಲಿ ಚಿತ್ರ ಮಾರುವವರ ಹತ್ತಿರ ನಿಲ್ಲಿ.

ಒಬ್ಬಳೇ ಹೋಗುವ ಹೆದರಿಕೆಯನ್ನು ನಾನು ಕಡೆಗಣಿಸುವುದಿಲ್ಲ. ಇದು ಹಗಲು ಹೊತ್ತಿನ, ಜನ ಓಡಾಡುವ ರಸ್ತೆಗಳ ನಡಿಗೆ. ಮೆತ್ತನೆಯ ಚಪ್ಪಲಿ, ನೀರಿನ ಬಾಟಲಿ, ಮಗನ ನಂಬರ್ ಬರೆದ ಒಂದು ಚೀಟಿ ಇರಲಿ. ಗಂಟೆಗೊಮ್ಮೆ ಮಗನಿಗೆ ಮೆಸೇಜ್ ಹಾಕಿ. ಸಂಜೆ ಆಫೀಸು ಬಿಡುವ ಹೊತ್ತಿನ ಲೋಕಲ್ ನಿಮಗೆ ಆಗದು, ಹಾಗಾಗಿ ನಾಲ್ಕು ಗಂಟೆಯ ಒಳಗೆ ಟ್ಯಾಕ್ಸಿಯಲ್ಲಿ ಸಿಎಸ್‌ಎಂಟಿಗೆ ಮರಳಿ. ರೈಲು ಅಲ್ಲಿಂದಲೇ ಹೊರಡುವುದರಿಂದ ಕೂರಲು ಸೀಟು ಸಿಗುತ್ತದೆ.

ಮನೆಗೆ ಬಂದು ಬರೆದದ್ದನ್ನು ನಿಮ್ಮವರಿಗೆ ತೋರಿಸಿ. ಅವರು ಏನೂ ಹೇಳದಿದ್ದರೂ ತೋರಿಸಿ. ಊರಿಗೆ ಮರಳಿದ ಮೇಲೆ ಆ ಪುಸ್ತಕವನ್ನು ಕಪಾಟಿನ ಒಳಗೆ ಇಡಬೇಡಿ. ದಿನಕ್ಕೆ ಒಂದು ಪುಟ, ತೆಂಗಿನ ಕಾಯಿಯೋ, ಅಂಗಳದ ದಾಸವಾಳವೋ, ಮುಂದುವರಿಸಿ. ಮೊದಲ ಹತ್ತು ಪುಟ ತುಂಬಿದಾಗ ನನಗೊಂದು ಪತ್ರ ಹಾಕಿ, ಕಾಯುತ್ತಿರುತ್ತೇನೆ.