ಕಪ್ಪು ಕಂಡಲ್ಲೆಲ್ಲ ರಕ್ತ ನಿಂತಿಲ್ಲ

ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಿತು. ಅವರಲ್ಲಿ ಕಣ್ಣಿನ ಒಳಪರದೆಯ, ಎಂದರೆ ರೆಟಿನಾದ, ರಕ್ತನಾಳ ಕೆಟ್ಟವರು ನಮ್ಮ ಕತ್ತಲೆಕೋಣೆಗೆ ಬರುತ್ತಾರೆ. ನಾನು ಆಪ್ಟೋಮೆಟ್ರಿಸ್ಟ್. ರೋಗ ಯಾವ ಹಂತದಲ್ಲಿದೆ ಎಂದು ಹೇಳುವುದು ರೆಟಿನಾ ಡಾಕ್ಟರ ಕೆಲಸ. ಅವರು ನಂಬಬಹುದಾದ ಚಿತ್ರ ತೆಗೆದುಕೊಡುವುದು ನನ್ನದು. ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳು ಯಂತ್ರದ ಗುಂಡಿಗಳನ್ನು ಬೇಗ ಕಲಿಯುತ್ತಾರೆ. ಬಂದ ಚಿತ್ರವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ಅಷ್ಟು ಬೇಗ ಹತ್ತುವ ವಿದ್ಯೆಯಲ್ಲ. ಅವರಿಗೆ ದಿನವೂ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಡಾಕ್ಟರಿಗೆ ಏನು ಗೊತ್ತಾಗಬೇಕು ಎಂದು ಮೊದಲು ಕೇಳಿ

ಕಣ್ಣಿನ ಒಳಹಿಂಭಾಗದ ಮಾಮೂಲಿ ಫೋಟೋದಲ್ಲಿ, ಎಂದರೆ ಫಂಡಸ್ ಫೋಟೋದಲ್ಲಿ, ಕಾಣುವ ರಕ್ತದ ಚುಕ್ಕೆ, ಹಳದಿ ಕಲೆ, ಬಿಳಿ ಮಚ್ಚೆ ಎಲ್ಲ ರಕ್ತಸಂಚಾರ ಕೆಟ್ಟದ್ದರ ಗುರುತುಗಳು. ಸಂಚಾರ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ನಮ್ಮಲ್ಲಿ ಎರಡು ದಾರಿ. ಒಂದು, ಕೈಯ ರಕ್ತನಾಳಕ್ಕೆ ಫ್ಲೋರೆಸಿನ್ ಎಂಬ ಬಣ್ಣದ ಇಂಜೆಕ್ಷನ್ ಕೊಟ್ಟು ಅದು ಕಣ್ಣಿನಲ್ಲಿ ಹರಿಯುವುದನ್ನು ಸಾಲಾಗಿ ಫೋಟೋ ತೆಗೆಯುವ ಎಫ್‌ಎಫ್‌ಎ. ಇನ್ನೊಂದು, ಇಂಜೆಕ್ಷನ್ ಇಲ್ಲದೆ ಬರೀ ಬೆಳಕಿನಿಂದ ಮಾಡುವ ಒಸಿಟಿ ಆಂಜಿಯೋಗ್ರಫಿ. ನಾಳ ಎಲ್ಲಿ ಸೋರುತ್ತಿದೆ ಎಂಬುದು ಪ್ರಶ್ನೆಯಾದರೆ ಎರಡನೆಯದು ಉತ್ತರ ಕೊಡುವುದಿಲ್ಲ. ಸೋರಿಕೆ ಅದಕ್ಕೆ ಕಾಣುವುದೇ ಇಲ್ಲ. ಸೂಕ್ಷ್ಮ ನಾಳಗಳ ಜಾಲ ಎಲ್ಲಿ ಹರಿದಿದೆ ಎಂಬುದು ಪ್ರಶ್ನೆಯಾದರೆ, ನಡುಭಾಗದ ಮಟ್ಟಿಗೆ, ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಪದರಪದರವಾಗಿ ಬಿಡಿಸಿ ನೋಡಲು ಎಫ್‌ಎಫ್‌ಎಯಲ್ಲಿ ಆಗುವುದಿಲ್ಲ. ಗರ್ಭಿಣಿಯರಿಗೆ ಬಣ್ಣದ ಇಂಜೆಕ್ಷನ್ ಸಾಧ್ಯವಾದಷ್ಟು ತಪ್ಪಿಸುವುದರಿಂದ ಅವರ ಮಟ್ಟಿಗೆ ಆಯ್ಕೆಯ ಮಾತೇ ಬರುವುದಿಲ್ಲ.

2. ಕಪ್ಪು ಕಂಡರೆ ನಾಲ್ಕು ಅನುಮಾನ ಪಡಿ

ನನ್ನನ್ನು ಕೇಳಿದರೆ ಈ ಕೆಲಸದ ಮುಕ್ಕಾಲು ಪಾಲು ಇದೇ. ಒಸಿಟಿ ಆಂಜಿಯೋಗ್ರಫಿ ಯಂತ್ರ ರೆಟಿನಾದ ಒಂದೇ ಗೆರೆಯನ್ನು ಕೆಲವೇ ಮಿಲಿಸೆಕೆಂಡ್ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತದೆ. ಬಸ್ ಸ್ಟ್ಯಾಂಡಿನ ಎರಡು ಫೋಟೋವನ್ನು ಬೆನ್ನುಬೆನ್ನಿಗೆ ತೆಗೆದು ಹೋಲಿಸಿದರೆ ಕಂಬ, ಬೆಂಚು ಇದ್ದಲ್ಲೇ ಇರುತ್ತವೆ, ಜನ ಮಾತ್ರ ಜಾಗ ಬದಲಿಸಿರುತ್ತಾರೆ. ಹಾಗೆ ಎರಡು ಸ್ಕ್ಯಾನಿನ ನಡುವೆ ಬದಲಾದದ್ದು ಹರಿಯುವ ಕೆಂಪು ರಕ್ತಕಣ. ಬದಲಾದ ಜಾಗವನ್ನು ಯಂತ್ರ ಬಿಳಿ ಮಾಡುತ್ತದೆ, ಬದಲಾಗದ್ದನ್ನು ಕಪ್ಪು.

ಈ ಲೆಕ್ಕದಲ್ಲೇ ತೊಡಕೂ ಇದೆ. ಕಪ್ಪಾಗಿರುವ ಜಾಗದಲ್ಲಿ ಸೂಕ್ಷ್ಮ ನಾಳಗಳು ನಿಜವಾಗಿ ಮುಚ್ಚಿಹೋಗಿರಬಹುದು. ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆಗೆ ಆತುಕೊಂಡಿರುವ ಪೆರಿಸೈಟ್ ಕೋಶಗಳು ಮೊದಲು ಸಾಯುತ್ತವೆ. ಆಮೇಲೆ ಗೋಡೆ ಉಬ್ಬಿ ಮೈಕ್ರೋಅನ್ಯೂರಿಸಂ ಆಗುತ್ತದೆ, ಕೊನೆಗೆ ನಾಳವೇ ಬತ್ತಿಹೋಗುತ್ತದೆ. ಅದು ಅಸಲಿ ಕಪ್ಪು. ಎರಡನೆಯದು, ರಕ್ತ ಹರಿಯುತ್ತಿದ್ದರೂ ತೀರಾ ನಿಧಾನವಾಗಿ ಹರಿಯುತ್ತಿರಬಹುದು. ಎರಡು ಸ್ಕ್ಯಾನಿನ ನಡುವೆ ಗುರುತಿಸುವಷ್ಟು ಬದಲಾವಣೆ ಆಗದಿದ್ದರೆ ಯಂತ್ರದ ಪಾಲಿಗೆ ಅಲ್ಲಿ ರಕ್ತವೇ ಇಲ್ಲ. ಎಫ್‌ಎಫ್‌ಎಯಲ್ಲಿ ಹೊಳೆಯುವ ಎಷ್ಟೋ ಮೈಕ್ರೋಅನ್ಯೂರಿಸಂಗಳು ಇಲ್ಲಿ ಕಾಣೆಯಾಗುವುದು ಇದರಿಂದಲೇ. ಮೂರನೆಯದು ನೆರಳು: ಮುಂದೆ ಕಣ್ಣಿನ ಪೊರೆ ಬಲಿತಿದ್ದರೆ, ಒಳಗೆ ವಿಟ್ರಿಯಸ್ ಎಂಬ ಲೋಳೆಯಲ್ಲಿ ರಕ್ತ ತೇಲುತ್ತಿದ್ದರೆ ಬೆಳಕು ಹಿಂದೆ ಮುಟ್ಟುವುದೇ ಇಲ್ಲ. ನಾಲ್ಕನೆಯದು ಪದರ ತಪ್ಪುವುದು. ನೀರು ತುಂಬಿ ಊದಿಕೊಂಡ ಮ್ಯಾಕ್ಯುಲಾದಲ್ಲಿ, ಎಂದರೆ ರೆಟಿನಾದ ನಡುಭಾಗದಲ್ಲಿ, ಯಂತ್ರ ಎಳೆಯುವ ಪದರದ ಗೆರೆ ಎಲ್ಲೆಲ್ಲೋ ಹೋಗುತ್ತದೆ; ಮೇಲಿನ ಜಾಲ ಎಂದು ಅದು ತೋರಿಸಿದ್ದು ಬೇರೆ ಪದರದ್ದಾಗಿರುತ್ತದೆ.

ಬೇರ್ಪಡಿಸುವ ಉಪಾಯ ಸುಲಭ, ಆದರೆ ಸೋಮಾರಿಗಳಿಗಲ್ಲ. ಕಪ್ಪು ಜಾಗದ ಮೇಲೆ ಕರ್ಸರ್ ಇಟ್ಟು ಅದೇ ಜಾಗದ ಅಡ್ಡಸೀಳು ಚಿತ್ರ ತೆರೆಯಿರಿ. ಅಲ್ಲಿ ರೆಟಿನಾದ ಪದರಗಳೂ ಮಂಕಾಗಿದ್ದರೆ ಅದು ನೆರಳು. ಪದರ ಸ್ಪಷ್ಟವಾಗಿದ್ದು, ಗೆರೆ ಸರಿಯಾದ ಜಾಗದಲ್ಲೇ ಇದ್ದು, ಆದರೂ ಕಪ್ಪಿದ್ದರೆ ಆಗ ಡಾಕ್ಟರನ್ನು ಕರೆಯಿರಿ. ವರದಿಗೆ ಬಣ್ಣದ ನಕ್ಷೆಯೊಂದನ್ನೇ ಪ್ರಿಂಟ್ ಹಾಕಿ ಕಳಿಸುವ ಅಭ್ಯಾಸ ಹಲವೆಡೆ ಇದೆ. ಅಡ್ಡಸೀಳಿಲ್ಲದ ನಕ್ಷೆಯನ್ನು ನಾನು ಅರ್ಧ ಸಾಕ್ಷಿ ಎಂದಷ್ಟೇ ಎಣಿಸುತ್ತೇನೆ.

3. ಬಣ್ಣದ ಇಂಜೆಕ್ಷನ್ ಕೊಟ್ಟರೆ ಮೊದಲ ಅರ್ಧ ನಿಮಿಷ ಮತ್ತೆ ಸಿಗದು

ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್ ಎಫ್‌ಎಫ್‌ಎ ವಿಧಾನವನ್ನು 1961ರಲ್ಲಿ ಪ್ರಕಟಿಸಿದರು. ಮೊದಲು ಒಡ್ಡಿದ್ದು ಆಲ್ವಿಸ್ ತನ್ನದೇ ಕಣ್ಣನ್ನು. ಅಚ್ಚಾದದ್ದು ಕಣ್ಣಿನ ಪತ್ರಿಕೆಯಲ್ಲಲ್ಲ, ಹೃದಯ ಮತ್ತು ರಕ್ತನಾಳಕ್ಕೆ ಸಂಬಂಧಿಸಿದ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ. ಕ್ಯಾಮೆರಾಗಳು ಡಿಜಿಟಲ್ ಆದವು, ಆದರೆ ಮೂಲ ಇಂದಿಗೂ ಅದೇ: ನೀಲಿ ಬೆಳಕು ಬಿಟ್ಟರೆ ಫ್ಲೋರೆಸಿನ್ ಹಸಿರಾಗಿ ಹೊಳೆಯುತ್ತದೆ, ನಡುವಿನ ಫಿಲ್ಟರ್ ಹಸಿರನ್ನು ಮಾತ್ರ ಒಳಗೆ ಬಿಡುತ್ತದೆ.

ಕೈಯಿಂದ ಕಣ್ಣಿಗೆ ಬಣ್ಣ ಬರಲು ಸುಮಾರು 10ರಿಂದ 15 ಸೆಕೆಂಡ್. ರೆಟಿನಾದ ಹಿಂದಿನ ಕೋರಾಯ್ಡ್ ಪದರ ಮೊದಲು ಬೆಳಗುತ್ತದೆ, ಆಮೇಲೆ ಅಪಧಮನಿ, ಆಮೇಲೆ ಅಭಿಧಮನಿಯ ಎರಡು ಅಂಚಿನಲ್ಲಿ ಹೊಳೆಯುವ ಗೆರೆ. ಈ ಮೊದಲ ಹರಿವು ಒಂದೇ ಕಣ್ಣಿನಲ್ಲಿ ಸಿಗುತ್ತದೆ. ಆದ್ದರಿಂದ ಸೂಜಿ ಚುಚ್ಚುವ ಮೊದಲೇ ಯಾವ ಕಣ್ಣು ಎಂದು ಡಾಕ್ಟರರನ್ನು ಕೇಳಿಕೊಳ್ಳಿ. ಫೋಕಸ್ ಮಾಡಿಟ್ಟುಕೊಳ್ಳಿ, ಬಣ್ಣವಿಲ್ಲದ ಒಂದು ಫೋಟೋ ತೆಗೆದುಕೊಳ್ಳಿ, ಆಮೇಲೆ ನರ್ಸ್‌ಗೆ ‘ಹಾಕಿ’ ಎನ್ನಿ. ಕೆಲವರಿಗೆ ಇಂಜೆಕ್ಷನ್ ಆದ ಅರ್ಧ ನಿಮಿಷ, ಒಂದು ನಿಮಿಷಕ್ಕೆ ಹೊಟ್ಟೆ ತೊಳಸುತ್ತದೆ. ಟ್ರೇ ಕೈಗೆಟುಕುವಂತಿರಲಿ, ನಿಧಾನ ಉಸಿರೆಳೆಯಲು ಹೇಳಿ, ಬಹುಪಾಲು ತಾನೇ ಇಳಿಯುತ್ತದೆ. ಬಣ್ಣ ನಾಳದ ಹೊರಗೆ ಸೋರಿದರೆ ಉರಿ ವಿಪರೀತ, ಹಾಗಾಗಿ ಮೊದಲು ಬರೀ ಸಲೈನ್ ಬಿಟ್ಟು ಸೂಜಿ ಸರಿ ಕೂತಿದೆಯೇ ನೋಡಿ. ತೀವ್ರ ಅಲರ್ಜಿ ಅಪರೂಪ. ಆದರೂ ಅಡ್ರಿನಲಿನ್, ಆಕ್ಸಿಜನ್ ಪಕ್ಕದ ಕೋಣೆಯಲ್ಲಿದ್ದರೆ ಸಾಲದು, ಇದೇ ಕೋಣೆಯಲ್ಲಿರಬೇಕು.

4. ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ

‘ಇಂಜೆಕ್ಷನ್ ಅಂದ್ರಲ್ಲ ಮೇಡಂ, ಬೆಳಗ್ಗೆಯಿಂದ ಏನೂ ತಿಂದಿಲ್ಲ’ ಎನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಶುಗರ್ ಮಾತ್ರೆ ಮಾತ್ರ ತಪ್ಪದೆ ನುಂಗಿರುತ್ತಾರೆ! ಪರೀಕ್ಷೆಯ ನಡುವೆ ಬೆವರಿ ತಲೆ ಸುತ್ತಿದರೆ ಅದು ಬಣ್ಣದ ಪ್ರತಿಕ್ರಿಯೆಯೋ, ಸೂಜಿಯ ಹೆದರಿಕೆಯೋ, ಶುಗರ್ ಇಳಿದದ್ದೋ ಎಂದು ಆ ಗಳಿಗೆಯಲ್ಲಿ ಹೇಳುವುದು ಕಷ್ಟ. ಎರಡು ಇಡ್ಲಿ ತಿಂದು ಬನ್ನಿ ಎಂದು ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿಬಿಡಿ. ಗ್ಲುಕೋಮೀಟರ್ ಕೋಣೆಯಲ್ಲಿರಲಿ.

ಸಿಟಿ ಸ್ಕ್ಯಾನಿಗೆ ಹಾಕುವ ಅಯೋಡಿನ್ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನಿಲ್ಲಿಸಿದ ನೆನಪಿನಲ್ಲಿ ಇಲ್ಲಿಗೂ ನಿಲ್ಲಿಸಿ ಬರುವವರಿದ್ದಾರೆ. ಕಿಡ್ನಿ ದುರ್ಬಲವಾದವರ ಚೀಟಿಯಲ್ಲಿ ಅದನ್ನು ಎದ್ದುಕಾಣುವಂತೆ ಬರೆಯಿರಿ, ಡಾಕ್ಟರು ಡೋಸ್ ಇಳಿಸುವುದುಂಟು. ಚರ್ಮ ಕೆಲವು ಗಂಟೆ ಹಳದಿಯಾಗುತ್ತದೆ, ಮೂತ್ರ ಮರುದಿನದವರೆಗೂ ಗಾಢ ಬಣ್ಣದಲ್ಲಿರುತ್ತದೆ. ಇದನ್ನು ಮುಂಚೆ ಹೇಳದಿದ್ದರೆ ರಾತ್ರಿ ಕಾಮಾಲೆಯೆಂದು ಫೋನ್ ಬರುತ್ತದೆ. ಬಹಳ ಜನ ಮರೆಯುವ ಇನ್ನೊಂದು ಮಾತು: ಬಣ್ಣ ಮೈಯಲ್ಲಿರುವಷ್ಟು ದಿನ ಕೆಲವು ರಕ್ತ, ಮೂತ್ರ ಪರೀಕ್ಷೆಗಳ ಫಲಿತಾಂಶ ಏರುಪೇರಾಗಬಹುದು. ಲ್ಯಾಬ್ ಕೆಲಸ ಮೊದಲೇ ಮುಗಿಸಲಿ, ಇಲ್ಲವೇ ಮೂರು ನಾಲ್ಕು ದಿನ ಬಿಟ್ಟು ಹೋಗಲಿ.

5. ಡ್ರಾಪ್ಸ್‌ಗೆ ಸಮಯ ಕೊಡಿ

ಸಕ್ಕರೆ ಕಾಯಿಲೆ ಹಳೆಯದಾದಷ್ಟೂ ಕಣ್ಣಿನ ಪಾಪೆ ಹಿಗ್ಗಲು ಒಪ್ಪುವುದಿಲ್ಲ. ಬೇರೆಯವರಿಗೆ ಅರ್ಧ ಗಂಟೆ ಸಾಕಾದರೆ ಇವರಿಗೆ ಸಾಲದು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಮಂಜಾಗುವುದರಿಂದ, ಬೈಕಿನಲ್ಲಿ ಒಬ್ಬರೇ ಬಂದಿದ್ದಾರೆಯೇ ಎಂದು ಮೊದಲೇ ವಿಚಾರಿಸಿ.

6. ಯಂತ್ರಕ್ಕಿಂತ ಗದ್ದ, ಹಣೆ, ರೆಪ್ಪೆಯ ಕಡೆ ಗಮನವಿರಲಿ

ಒಸಿಟಿ ಆಂಜಿಯೋಗ್ರಫಿಗೆ ಕಣ್ಣು ಅಲುಗಿದ್ದೂ ರಕ್ತ ಹರಿದದ್ದೂ ಒಂದೇ. ಅಲುಗಿದಲ್ಲಿ ಚಿತ್ರದಡ್ಡ ಬಿಳಿ ಗೆರೆ, ರೆಪ್ಪೆ ಬಡಿದಲ್ಲಿ ಕಪ್ಪು ಪಟ್ಟಿ. ‘ಅಲ್ಲಾಡಬೇಡಿ’ ಎಂದು ಗದರಿದರೆ ಅಜ್ಜಿ ಇನ್ನಷ್ಟು ಬಿಗಿಯುತ್ತಾರೆ, ಕಣ್ಣು ಇನ್ನಷ್ಟು ನಡುಗುತ್ತದೆ. ‘ಅಮ್ಮಾ, ಗದ್ದ ಇಲ್ಲಿಡಿ, ಹಣೆ ಮುಂದಕ್ಕೆ ಒತ್ತಿ. ಈಗ ಎರಡು ಸಲ ಕಣ್ಣು ಮಿಟುಕಿಸಿ. ಆಯ್ತು, ಈಗ ಆ ದೀಪ ನೋಡ್ತಾ ಇರಿ, ನಾನು ಹೇಳೋವರೆಗೂ’ ಎಂದರೆ ಕೆಲವು ಸೆಕೆಂಡು ಹಾಗೇ ಕೂರುತ್ತಾರೆ. ಕಣ್ಣು ಒಣಗಿದ್ದರೆ ಮೊದಲೊಂದು ಹನಿ ಕೃತಕ ಕಣ್ಣೀರು ಹಾಕಿ. ಮಂಕು ಚಿತ್ರಗಳಲ್ಲಿ ಎಷ್ಟೋ ಅಷ್ಟಕ್ಕೇ ತಿಳಿಯಾಗುತ್ತವೆ. ಆ ಕಣ್ಣಿಗೆ ದೀಪವೇ ಕಾಣದಿದ್ದರೆ ಇನ್ನೊಂದು ಕಣ್ಣಿನ ಮುಂದೆ ಹೊರಗಿನ ದೀಪ ಹಿಡಿಯಿರಿ, ಎರಡೂ ಕಣ್ಣು ಜೊತೆಯಾಗಿ ನಿಲ್ಲುತ್ತವೆ.

7. ಯಂತ್ರ ಕೊಡುವ ಅಂಕಿಗೆ ಮರುಳಾಗಬೇಡಿ

ದೃಷ್ಟಿಯ ನಡುಬಿಂದುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಅಗಲದ ಜಾಗದಲ್ಲಿ ಹುಟ್ಟಿನಿಂದಲೇ ರಕ್ತನಾಳ ಇರುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಈ ವೃತ್ತ ಅಗಲವಾಗುತ್ತದೆ, ಅಂಚು ಹರಿದುಕೊಳ್ಳುತ್ತದೆ. ಯಂತ್ರ ಅದರ ವಿಸ್ತೀರ್ಣವನ್ನೂ ನಾಳಗಳ ಸಾಂದ್ರತೆಯನ್ನೂ ದಶಮಾಂಶದವರೆಗೆ ಲೆಕ್ಕ ಹಾಕಿ ಕೊಡುತ್ತದೆ. ಆರೋಗ್ಯವಂತರಲ್ಲೇ ಈ ವೃತ್ತ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ. ದೊಡ್ಡ ಮೈನಸ್ ಪವರ್ ಇರುವ ಉದ್ದನೆಯ ಕಣ್ಣಿನಲ್ಲಿ ಅಳತೆಯೇ ತಪ್ಪುತ್ತದೆ. ಪೊರೆ ಬಲಿತು ಸಿಗ್ನಲ್ ಇಳಿದರೂ ಸಾಂದ್ರತೆ ಇಳಿದಂತೆ ಕಾಣುತ್ತದೆ. ಹೋಲಿಸುವುದಾದರೆ ಅದೇ ಯಂತ್ರ, ಅದೇ ಅಳತೆಯ ಸ್ಕ್ಯಾನ್, ಹೆಚ್ಚುಕಡಿಮೆ ಅದೇ ಸಿಗ್ನಲ್ ಇರಬೇಕು. 3 ಮಿಲಿಮೀಟರ್ ಸ್ಕ್ಯಾನನ್ನು 6 ಮಿಲಿಮೀಟರಿನದರ ಪಕ್ಕದಲ್ಲಿಟ್ಟು ‘ಕಡಿಮೆಯಾಗಿದೆ’ ಎನ್ನುವ ವರದಿಗಳನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ. ಇನ್ನು ಈ ಯಂತ್ರಗಳು ತೋರಿಸುವುದು ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನೇ ಹೊರತು ಎಷ್ಟು ವೇಗ ಎಂಬುದನ್ನಲ್ಲ. ವೇಗ ಅಳೆಯಲು ಡಾಪ್ಲರ್, ಲೇಸರ್ ಸ್ಪೆಕಲ್‌ನಂಥ ಬೇರೆ ವಿಧಾನಗಳಿವೆ. ನಮ್ಮ ಊರಿನ ಒಪಿಡಿಗಳಲ್ಲಿ ಅವು ಕಾಣುವುದಿಲ್ಲ.

8. ನಡುಭಾಗ ಚೆನ್ನಾಗಿದ್ದರೆ ಅಂಚು ನೋಡಿ

ಓದಲು ತೊಂದರೆಯಿಲ್ಲ, ದೂರದ ಬೋರ್ಡು 6/6 ಕಾಣುತ್ತದೆ, ಮ್ಯಾಕ್ಯುಲಾದ ಸ್ಕ್ಯಾನೂ ಚೆಂದ. ಅಂಥವರ ರೆಟಿನಾದ ಹೊರವಲಯದಲ್ಲಿ ದೊಡ್ಡ ಪ್ರದೇಶ ರಕ್ತವಿಲ್ಲದೆ ಬಿದ್ದಿರಬಹುದು. ಆಮ್ಲಜನಕ ಸಿಗದ ಆ ಭಾಗ ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತದೆ, ಅದರಿಂದ ಪುಸಕ್ಕನೆ ಒಡೆಯುವ ಹೊಸ ನಾಳಗಳು ಹುಟ್ಟುತ್ತವೆ. 6 ಮಿಲಿಮೀಟರಿನ ಚೌಕದಲ್ಲಿ ಇದು ಸಿಗದು. ವೈಡ್‌ಫೀಲ್ಡ್ ಕ್ಯಾಮೆರಾ ಇದ್ದರೆ ಬಳಸಿ, ಇಲ್ಲದಿದ್ದರೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡಿಸಿ ಒಂದೊಂದಾಗಿ ತೆಗೆಯಿರಿ. ಎಫ್‌ಎಫ್‌ಎಯಲ್ಲಿ ಹೊಸ ನಾಳ ಬಣ್ಣ ಕಾರಿ ಮಂಜಿನಂತೆ ಹರಡುವುದು ತಕ್ಷಣ ಗೊತ್ತಾಗುತ್ತದೆ.

9. ‘ಸರಿಹೋಯ್ತಾ?’ ಎಂದರೆ

ಊತಕ್ಕೆಂದು ಕಣ್ಣಿನೊಳಗೆ ಔಷಧಿಯ ಇಂಜೆಕ್ಷನ್ ಪಡೆದವರು ಮುಂದಿನ ಸಲ ಬಂದಾಗ ಊತ ಇಳಿದಿರುತ್ತದೆ, ಕಪ್ಪು ಹಾಗೇ ಇರುತ್ತದೆ. ಔಷಧಿ ಸೋರಿಕೆ ನಿಲ್ಲಿಸುತ್ತದೆ. ಮುಚ್ಚಿಹೋದ ನಾಳವನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ. ಪರದೆ ತಿರುಗಿಸಿ ಇದಿಷ್ಟನ್ನು ತೋರಿಸಿ, ಉಳಿದದ್ದನ್ನು ಡಾಕ್ಟರಿಗೆ ಬಿಡಿ. ಶುಗರ್ ಹತೋಟಿಗೆ ತಂದವರಿಗೆ ‘ಇಷ್ಟು ಮಾಡಿದರೂ ಕಣ್ಣಿನ ತೊಂದರೆ ಹೆಚ್ಚಾಯ್ತಲ್ಲ’ ಎಂಬ ಸಂಕಟ ಬರುವುದುಂಟು. ಬಹಳ ದಿನ ಏರಿದ್ದ ಶುಗರ್ ಥಟ್ಟನೆ ಇಳಿದರೆ ರೆಟಿನಾ ಸ್ವಲ್ಪ ಕಾಲ ಕೆಡುವುದು ವೈದ್ಯರಿಗೆ ಗೊತ್ತಿರುವ ವಿಷಯ. 1993ರಲ್ಲಿ ಹೊರಬಂದ, ಬಿಗಿ ಶುಗರ್ ಹತೋಟಿಯನ್ನು ಪರೀಕ್ಷಿಸಿದ ಡಿಸಿಸಿಟಿ ಅಧ್ಯಯನದಲ್ಲೂ ಅದು ಕಂಡಿತ್ತು. ಅದೇ ಅಧ್ಯಯನದಲ್ಲಿ, ಕಣ್ಣಿನ ತೊಂದರೆ ಇನ್ನೂ ಶುರುವಾಗದ ಟೈಪ್ 1 ರೋಗಿಗಳಲ್ಲಿ ಬಿಗಿ ಹತೋಟಿಯಿಂದ ಅದು ಹುಟ್ಟುವ ಸಾಧ್ಯತೆ ಶೇ 76ರಷ್ಟು ತಗ್ಗಿತು. ಮಾತ್ರೆ ಬಿಡುವ ಯೋಚನೆ ಅವರ ತಲೆಗೆ ಬರುವ ಮುಂಚೆ ಡಾಕ್ಟರ ಹತ್ತಿರ ಕಳಿಸಿ.

10. ಹಳೆಯ ಚಿತ್ರ ಕೇಳಿ ಪಡೆಯಿರಿ

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಬರುವವರು ಕಪ್ಪುಬಿಳುಪು ಜೆರಾಕ್ಸ್ ತರುತ್ತಾರೆ. ಅದರಲ್ಲಿ ಸೂಕ್ಷ್ಮ ನಾಳ ಒಂದೂ ಉಳಿದಿರುವುದಿಲ್ಲ. ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲೋ ಫೋನಿನಲ್ಲೋ ತರಲು ಹೇಳಿ, ನಿಮ್ಮಲ್ಲಿ ತೆಗೆದದ್ದನ್ನೂ ಹಾಗೇ ಕೊಟ್ಟು ಕಳಿಸಿ. ಯಂತ್ರದ ಹೆಸರು, ಸ್ಕ್ಯಾನಿನ ಅಳತೆ, ಸಿಗ್ನಲ್ ಅಂಕಿ ಮೂರೂ ಚಿತ್ರದ ಮೂಲೆಯಲ್ಲಿ ಇವೆಯೇ ಎಂದು ನೋಡಿ. ಕತ್ತರಿಸಿ ವಾಟ್ಸಾಪ್ ಮಾಡಿದರೆ ಮೊದಲು ಹೋಗುವುದು ಆ ಮೂಲೆಯೇ.