ಉಸಿರಿನ ಯಂತ್ರ ಬದಲಿಸುವ ಮುನ್ನ



ಬಾವಿಗೆ ಕೂಡಿಸಿದ ಪಂಪು ಸುಟ್ಟಿತೆಂದರೆ ನೀವು ಏನು ಮಾಡುತ್ತೀರಿ? ಅಂಗಡಿಗೆ ಹೋಗಿ ಬಣ್ಣ ಚೆನ್ನಾಗಿರುವ ಪಂಪನ್ನು ಎತ್ತಿಕೊಂಡು ಬರುವುದಿಲ್ಲ. ಬಾವಿ ಎಷ್ಟು ಆಳ, ನೀರು ಎಷ್ಟು ಎತ್ತರ ಏರಬೇಕು, ಪೈಪು ಎಷ್ಟು ಇಂಚಿನದು, ನಮ್ಮ ಲೈನಿನಲ್ಲಿ ವೋಲ್ಟೇಜ್ ಹೇಗೆ ಬರುತ್ತದೆ, ಕೆಟ್ಟರೆ ರಿಪೇರಿಯವನು ಫೋಂಡಾದಲ್ಲಿದ್ದಾನೋ ಪುಣೆಯಲ್ಲಿದ್ದಾನೋ ಎಂದು ನೂರು ಪ್ರಶ್ನೆ ಕೇಳುತ್ತೀರಿ. ಅದೇ ಮನುಷ್ಯ, ರಾತ್ರಿ ಮೂಗಿಗೆ ಕಟ್ಟಿಕೊಂಡು ಮಲಗುವ ಸಿಪ್ಯಾಪ್ ಯಂತ್ರ ಕೆಟ್ಟಾಗ, "ಒಳ್ಳೇದು ಯಾವುದೋ ಒಂದು ಕೊಡಿ" ಎಂದು ಅಂಗಡಿಯವನ ಮುಂದೆ ನಿಲ್ಲುತ್ತಾನೆ. ಇದು ಸರಿಯಲ್ಲ. ಎರಡೂ ಪಂಪುಗಳೇ. ಒಂದು ನೀರನ್ನು ಒತ್ತುತ್ತದೆ, ಇನ್ನೊಂದು ಗಾಳಿಯನ್ನು ಒತ್ತುತ್ತದೆ.

ಈ ಯಂತ್ರದ ಹೆಸರನ್ನೇ ಕೇಳದವರಿಗಾಗಿ ಎರಡು ಮಾತು. ಕೆಲವರಿಗೆ ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಜೋರಾದ ಗೊರಕೆ ಒಮ್ಮೆಲೇ ನಿಲ್ಲುತ್ತದೆ, ಹತ್ತು ಸೆಕೆಂಡೋ ಅರ್ಧ ನಿಮಿಷವೋ ಉಸಿರೇ ಇರುವುದಿಲ್ಲ, ಆಮೇಲೆ ಏದುಸಿರು ಬಿಟ್ಟು ಮತ್ತೆ ಗೊರಕೆ. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ತಾಸಿಗೆ ಐದರಿಂದ ಹದಿನೈದು ಸಲ ಉಸಿರು ಹೀಗೆ ನಿಂತರೆ ಅಥವಾ ಕುಗ್ಗಿದರೆ ಸೌಮ್ಯ, ಹದಿನೈದರಿಂದ ಮೂವತ್ತಾದರೆ ಮಧ್ಯಮ, ಮೂವತ್ತಕ್ಕೂ ಮೇಲಾದರೆ ತೀವ್ರ ಎಂದು ಲೆಕ್ಕ. ರೋಗಿಗೆ ರಾತ್ರಿಯ ಸಂಗತಿ ಏನೂ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುತ್ತದೆ. ಅವನಿಗೆ ಗೊತ್ತಾಗುವುದು ಹಗಲಿನ ತೂಕಡಿಕೆ. ಕುರ್ಚಿಯಲ್ಲಿ ತೂಕಡಿಸಿದರೆ ಮಕ್ಕಳು ನಗುತ್ತಾರೆ, ಅಷ್ಟೇ. ಕಬ್ಬು ಹೇರಿದ ಲಾರಿಯನ್ನು ಬೆಳಗಿನ ಜಾವ ಮೂರು ಗಂಟೆಗೆ ಅನಮೋಡ ಘಾಟಿನ ತಿರುವಿನಲ್ಲಿ ಓಡಿಸುವವನು ತೂಕಡಿಸಿದರೆ ನಗುವ ಮಾತಲ್ಲ. ರಕ್ತದೊತ್ತಡ ಏರುವುದು, ಹೃದಯಕ್ಕೆ ಭಾರ ಬೀಳುವುದು ಬೇರೆ. ಇದು ದಪ್ಪಗಿರುವ ಗಂಡಸರ ರೋಗ ಮಾತ್ರ ಎಂಬ ತಿಳಿವಳಿಕೆಯೂ ತಪ್ಪು. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಇದು ಸಾಕಷ್ಟಿದೆ. ಅವರು ನಾಚಿಕೆಯಿಂದ ಗೊರಕೆಯ ಮಾತನ್ನೇ ಎತ್ತುವುದಿಲ್ಲ.

ಆಸ್ಟ್ರೇಲಿಯದ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಎಂಬವರು ಧೂಳು ಹೀರುವ ಯಂತ್ರದ ಮೋಟಾರನ್ನೇ ತಿರುವಿ ಹಾಕಿ, ಹೀರುವ ಬದಲು ಊದುವಂತೆ ಮಾಡಿ, ಆ ಗಾಳಿಯನ್ನು ರೋಗಿಯ ಮೂಗಿಗೆ ಬಿಟ್ಟರು. ೧೯೮೧ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಐವರು ರೋಗಿಗಳ ವರದಿ ಪ್ರಕಟವಾಯಿತು. ಅಲ್ಲಿಂದ ಇಲ್ಲಿಯವರೆಗೆ ಯಂತ್ರ ಸಣ್ಣದಾಗಿದೆ, ಸದ್ದು ಕಡಿಮೆಯಾಗಿದೆ; ತತ್ವ ಅದೇ ಇದೆ. ಗಾಳಿಯ ಒತ್ತಡವು ಗಂಟಲನ್ನು ಒಳಗಿನಿಂದ ತೆರೆದು ಹಿಡಿಯುತ್ತದೆ.

ಆ ಒತ್ತಡವನ್ನು ಅಳೆಯುವ ಮಾಪನ ನಿಮಗೆ ಹೊಸದಲ್ಲ. ನೀರಿನ ಕಂಬದ ಎತ್ತರವೇ ಆ ಮಾಪನ. ಡಾಕ್ಟರರ ಚೀಟಿಯಲ್ಲಿ "೧೦" ಎಂದಿದ್ದರೆ ಹತ್ತು ಸೆಂಟಿಮೀಟರ್ ನೀರಿನ ಒತ್ತಡ ಎಂದರ್ಥ. ಒಂದು ಕೊಳವೆಯನ್ನು ಬಕೆಟ್ಟಿನ ನೀರಿನಲ್ಲಿ ಸುಮಾರು ಅರ್ಧ ಗೇಣು ಮುಳುಗಿಸಿ ಊದಿ ನೋಡಿರಿ. ಗುಳ್ಳೆ ಏಳಲು ಎಷ್ಟು ಬಲ ಬೇಕೋ ಅಷ್ಟು. ಸಾಮಾನ್ಯ ಯಂತ್ರಗಳು ೪ರಿಂದ ೨೦ರವರೆಗೆ ಕೊಡುತ್ತವೆ. ನಿಮ್ಮ ಗಂಟಲಿಗೆ ಬೇಕಾದ ಅಂಕಿ ನಿಮ್ಮದು, ನಿಮ್ಮ ತಮ್ಮನದಲ್ಲ. ಆದ್ದರಿಂದ ಬೀಗರ ಮನೆಯಲ್ಲಿ ಬಿದ್ದಿದ್ದ ಯಂತ್ರವನ್ನು ತಂದು ಹಾಗೆಯೇ ಕಟ್ಟಿಕೊಂಡು ಮಲಗುವುದು ಕೂಡದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಯಂತ್ರಕ್ಕೆ ಸುಮಾರು ಐದು ವರ್ಷ ಆಯುಷ್ಯ ಎಂದು ಹಿಡಿಯುವುದು ರೂಢಿ. ಕೆಲವು ಅದಕ್ಕೂ ಹೆಚ್ಚು ಬಾಳುತ್ತವೆ. ಸದ್ದು ಹೆಚ್ಚಾದರೆ, ಸುಟ್ಟ ವಾಸನೆ ಬಂದರೆ, ಮೋಟಾರಿನ ಆಯುಷ್ಯ ತೀರಿತೆಂದು ಪರದೆಯ ಮೇಲೆ ಸೂಚನೆ ಬಂದರೆ, ಅಥವಾ ನಿಂತುಹೋಗಿದ್ದ ಹಗಲಿನ ತೂಕಡಿಕೆ ಮರಳಿದರೆ ಬದಲಿಸುವ ವಿಚಾರ ಮಾಡಬೇಕು. ತೂಕಡಿಕೆ ಮರಳಿದ್ದಕ್ಕೆ ಯಂತ್ರವೇ ಕಾರಣವಲ್ಲದೆಯೂ ಇರಬಹುದು. ಎಷ್ಟೋ ಸಲ ಸವೆದ ಮಾಸ್ಕ್ ಗಾಳಿ ಸೋರುತ್ತಿರುತ್ತದೆ. ಹೊಸ ಮಾಸ್ಕಿನಿಂದ ಮುಗಿಯುವ ಕೆಲಸಕ್ಕೆ ಹೊಸ ಯಂತ್ರ ಕೊಳ್ಳಬಾರದು.

ಹಳೆಯ ಯಂತ್ರವನ್ನು ಎಸೆಯುವ ಮೊದಲು ಅದರೊಳಗಿನ ಸಣ್ಣ ಕಾರ್ಡನ್ನು ತೆಗೆದಿಟ್ಟುಕೊಳ್ಳಿರಿ. ದಿನಾಲು ಎಷ್ಟು ತಾಸು ಯಂತ್ರ ನಡೆಯಿತು, ತಾಸಿಗೆ ಎಷ್ಟು ಸಲ ಉಸಿರು ತಡೆಯಿತು, ಗಾಳಿ ಎಷ್ಟು ಸೋರಿತು, ಯಾವ ಒತ್ತಡ ಬೇಕಾಯಿತು ಎಂಬುದೆಲ್ಲ ಅದರಲ್ಲಿದೆ. ಹೊಲಕ್ಕೆ ಮಣ್ಣಿನ ಪರೀಕ್ಷೆಯ ಕಾಗದ ಹೇಗೋ ಇದಕ್ಕೆ ಆ ಕಾರ್ಡು ಹಾಗೆ. ಅದನ್ನೂ ಮೊದಲಿನ ನಿದ್ರಾ ಪರೀಕ್ಷೆಯ ವರದಿಯನ್ನೂ ತೆಗೆದುಕೊಂಡು ನಿಮ್ಮ ಡಾಕ್ಟರರ ಬಳಿಗೆ, ಅಥವಾ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಂತಹ ದೊಡ್ಡ ದವಾಖಾನೆಗೆ ಹೋಗಿ ಹೊಸ ಚೀಟಿ ಬರೆಸಿಕೊಳ್ಳಿರಿ. ಮೊದಲಿನ ಪರೀಕ್ಷೆಯ ಬಳಿಕ ತೂಕ ಹತ್ತಕ್ಕೆ ಒಂದು ಪಾಲು ಏರಿದ್ದರೆ ಅಥವಾ ಇಳಿದಿದ್ದರೆ, ಪಾರ್ಶ್ವವಾಯು ಇಲ್ಲವೇ ಹೃದಯದ ಬೇನೆ ಬಂದಿದ್ದರೆ, ಮತ್ತೊಮ್ಮೆ ಪರೀಕ್ಷೆ ಬೇಕೇ ಎಂದು ಕೇಳಿರಿ.

ಅಂಗಡಿಯಲ್ಲಿ ಮೂರು ಜಾತಿ ಕಾಣುತ್ತವೆ. ರಾತ್ರಿಯಿಡೀ ಒಂದೇ ಒತ್ತಡ ಕೊಡುವುದು ಸಾದಾ ಸಿಪ್ಯಾಪ್. ಗಂಟಲು ಮುಚ್ಚುವುದನ್ನು ತಾನೇ ಗುರುತಿಸಿ ಒತ್ತಡ ಏರಿಸಿ ಇಳಿಸುವುದು ಆಟೋ. ಉಸಿರು ಎಳೆಯುವಾಗ ಒಂದು, ಬಿಡುವಾಗ ಕಡಿಮೆ, ಹೀಗೆ ಎರಡು ಒತ್ತಡ ಕೊಡುವುದು ಬೈಪ್ಯಾಪ್. ಬೆಲೆ ಹೆಚ್ಚಾದಂತೆ ಗುಣ ಹೆಚ್ಚು ಎಂದು ತಿಳಿಯಬೇಡಿರಿ. ಹೆಚ್ಚಿನವರಿಗೆ ಮೊದಲ ಎರಡರಲ್ಲಿ ಒಂದು ಸಾಕು. ಆದರೆ ಹೃದಯ ದುರ್ಬಲವಾಗಿರುವವರು, ಶ್ವಾಸಕೋಶದ ಹಳೆಯ ರೋಗ ಇರುವವರು, ಮೆದುಳಿನ ಸಂಕೇತವೇ ತಪ್ಪಿ ಉಸಿರು ನಿಲ್ಲುವವರು ಆಟೋ ಯಂತ್ರವನ್ನು ತಾವಾಗಿಯೇ ಕೊಳ್ಳಬಾರದು. ಇನ್ನೂ ದುಬಾರಿಯಾದ ಎಎಸ್‌ವಿ ಎಂಬ ಜಾತಿಯೊಂದಿದೆ. ಮೆದುಳಿನ ಸಂಕೇತ ತಪ್ಪುವ ಬಗೆಯ ಆಪ್ನಿಯಾ ಇದ್ದು ಹೃದಯ ತೀರ ಬಲಗುಂದಿದವರಿಗೆ ಅದರಿಂದ ಸಾವು ಹೆಚ್ಚಾಯಿತೆಂದು ೨೦೧೫ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಕಂಡುಬಂತು. ದುಬಾರಿ ಔಷಧ ಎಲ್ಲ ಬೆಳೆಗೂ ಹೊಡೆಯುವುದಿಲ್ಲವಲ್ಲ, ಹಾಗೆಯೇ ಇದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಯಂತ್ರವನ್ನೇ ಇದಕ್ಕೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಲಾಗದು. ಅದು ಆಮ್ಲಜನಕ ಕೊಡುತ್ತದೆ, ಮುಚ್ಚಿದ ಗಂಟಲನ್ನು ತೆರೆಯುವುದಿಲ್ಲ.

ಆಟೋ ಯಂತ್ರದ ವಿಷಯದಲ್ಲಿ ಈ ಲೇಖಕನೂ ಪೆಟ್ಟು ತಿಂದವನೇ. ಏಳು ವರ್ಷದ ಯಂತ್ರ ಬದಲಿಸಿದಾಗ ಮಾರಿದವನು ೪ರಿಂದ ೨೦ ಎಂದು ಪೂರ್ತಿ ಬಯಲು ಬಿಟ್ಟು, "ತಾನೇ ನೋಡಿಕೊಳ್ಳುತ್ತದೆ ಸಾಹೇಬ್ರ" ಎಂದು ಹೇಳಿ ಹೋದ. ನನಗೆ ಹಿಂದೆ ೧೧ ಇತ್ತು. ಹೊಸದು ೪ರಿಂದ ಹೊರಟು ಏರುವಷ್ಟರಲ್ಲಿ ಗಂಟಲು ಮುಚ್ಚುವುದು, ಎಚ್ಚರಾಗುವುದು. ತಿಂಗಳು ಪೂರ್ತಿ ಹಳೆಯ ತೂಕಡಿಕೆ. ಯಂತ್ರವೇ ಕೆಟ್ಟದ್ದೆಂದು ಬೈದದ್ದೂ ಆಯಿತು. ಕಡೆಗೆ ಡಾಕ್ಟರು ಕಾರ್ಡು ನೋಡಿ ಕೆಳಗಿನ ಮಿತಿಯನ್ನು ೯ಕ್ಕೆ ಏರಿಸಿದರು, ಎರಡು ನಿಮಿಷದ ಕೆಲಸ. ಒಂದು ಕಂಪನಿಯ ಆಟೋ ನಡೆಯುವ ರೀತಿ ಇನ್ನೊಂದರಂತೆ ಇರುವುದೂ ಇಲ್ಲ. ಕಾರಣ, ಕನಿಷ್ಠ ಮತ್ತು ಗರಿಷ್ಠ ಅಂಕಿಗಳೆರಡನ್ನೂ ಚೀಟಿಯಲ್ಲಿ ಬರೆಸಿಕೊಂಡು, ನಿಮ್ಮ ಎದುರಿಗೇ ಯಂತ್ರದಲ್ಲಿ ಹಾಕಿಸಿರಿ.

ಮಾಸ್ಕಿನ ವಿಷಯದಲ್ಲಿ ಒಂದು ಸಮಾಧಾನವಿದೆ. ಮನೆಯಲ್ಲಿ ಬಳಸುವ ಯಂತ್ರಗಳ ಪೈಪಿನ ಬಾಯಿ ಸಾಮಾನ್ಯವಾಗಿ ೨೨ ಮಿಲಿಮೀಟರಿನ ಒಂದೇ ಅಳತೆಯದು. ಆದ್ದರಿಂದ ಮುಖಕ್ಕೆ ಹೊಂದಿಕೊಂಡ ಹಳೆಯ ಮಾಸ್ಕು ಬೇರೆ ಕಂಪನಿಯ ಯಂತ್ರಕ್ಕೂ ನಡೆಯುತ್ತದೆ. ಬಿಸಿಯಾಗುವ ಪೈಪು ಮಾತ್ರ ಆಯಾ ಕಂಪನಿಯದೇ ಬೇಕು. ಪ್ರವಾಸಕ್ಕೆಂದು ಮಾಡಿದ ಅಂಗೈಯಗಲದ ಕೆಲವು ಯಂತ್ರಗಳಿಗೆ ಅವುಗಳದ್ದೇ ಮಾಸ್ಕು ಬೇಕಾಗುತ್ತದೆ, ಕೊಳ್ಳುವ ಮೊದಲೇ ಕೇಳಿರಿ. ಇನ್ನೊಂದು ಎಚ್ಚರಿಕೆ: ಕೆಲವು ಮಾಸ್ಕುಗಳ ಪಟ್ಟಿ ಅಯಸ್ಕಾಂತದ ಗುಂಡಿಯಿಂದ ಕೂಡುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ, ತಲೆಯಲ್ಲಿ ಲೋಹದ ಕ್ಲಿಪ್ ಇದ್ದವರಿಗೆ ಅದು ಅಪಾಯ. ೨೦೨೨ರಲ್ಲಿ ಫಿಲಿಪ್ಸ್, ೨೦೨೩ರಲ್ಲಿ ರೆಸ್‌ಮೆಡ್ ಕಂಪನಿಗಳು ಈ ಬಗ್ಗೆ ತಿಳಿವಳಿಕೆ ಕೊಟ್ಟವು. ಹಾಸಿಗೆಯಲ್ಲಿ ಪಕ್ಕಕ್ಕೆ ಮಲಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ನಮ್ಮ ಗೋವಾದ ಹವೆಯನ್ನು ಯಾವ ಕಂಪನಿಯ ಪುಸ್ತಿಕೆಯೂ ನೆನೆಯುವುದಿಲ್ಲ. ವರ್ಷಕ್ಕೆ ಸುಮಾರು ೩,೦೦೦ ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸಪ್ಟೆಂಬರ್. ಪೆಟ್ಟಿಗೆಯಲ್ಲಿಟ್ಟ ಧೋತರಕ್ಕೂ ಬೂಷ್ಟು ಹಿಡಿಯುವ ತಿಂಗಳುಗಳಲ್ಲಿ ಯಂತ್ರದ ಫಿಲ್ಟರು, ಪೈಪು ಬಿಡುತ್ತದೆಯೇ? ಈ ಹವೆಯಲ್ಲೇ ಇನ್ನೊಂದು ಸಂಗತಿಯೂ ಅಡಗಿದೆ. ೨೦೨೧ರ ಜೂನ್ ೧೪ರಂದು ಫಿಲಿಪ್ಸ್ ಕಂಪನಿಯು ತನ್ನ ಮೊದಲ ಡ್ರೀಮ್‌ಸ್ಟೇಷನ್ ಮೊದಲಾದ ಯಂತ್ರಗಳ ಬಗ್ಗೆ ಅಮೆರಿಕದಲ್ಲಿ ಹಿಂದೆಗೆಯುವ ಪ್ರಕಟಣೆಯನ್ನೂ ಉಳಿದ ದೇಶಗಳಲ್ಲಿ ಸುರಕ್ಷತಾ ಸೂಚನೆಯನ್ನೂ ಹೊರಡಿಸಿತು. ಸದ್ದು ಅಡಗಿಸಲು ಒಳಗೆ ಹಾಕಿದ್ದ ಫೋಮು ಪುಡಿಯಾಗಿ ಉಸಿರಿನ ದಾರಿಗೆ ಬರಬಹುದು ಎಂಬುದು ಕಾರಣ. ಓಝೋನ್ ಅನಿಲದಿಂದ ಶುಚಿ ಮಾಡುವುದರಿಂದಲೂ ಹೆಚ್ಚಿನ ಶಾಖ ಮತ್ತು ತೇವದಿಂದಲೂ ಫೋಮು ಬೇಗ ಹಾಳಾಗಬಹುದೆಂದು ಆ ಸೂಚನೆಯಲ್ಲೇ ಇತ್ತು. ಶಾಖ ಮತ್ತು ತೇವ ಎಂದರೆ ನಮ್ಮ ಮನೆಯ ಮಲಗುವ ಕೋಣೆಯೇ ಆಯಿತು. ಅಪಾಯ ಎಷ್ಟು ಎಂಬುದರಲ್ಲಿ ಕಂಪನಿಯ ನಂತರದ ಪರೀಕ್ಷೆಗಳಿಗೂ ಅಮೆರಿಕದ ಔಷಧ ಆಡಳಿತಕ್ಕೂ ಒಮ್ಮತವಾಗಲಿಲ್ಲ. ನಿಮಗೆ ಬೇಕಾದದ್ದು ಇಷ್ಟು: ಆ ಕಂಪನಿಯ ೨೦೨೧ರ ಏಪ್ರಿಲ್ ೨೬ಕ್ಕಿಂತ ಮೊದಲು ತಯಾರಾದ ಯಂತ್ರ ನಿಮ್ಮಲ್ಲಿದ್ದರೆ, ಅಥವಾ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ, ತಳದಲ್ಲಿರುವ ಕ್ರಮಸಂಖ್ಯೆಯನ್ನು ಕಂಪನಿಯಿಂದ ತಪಾಸಣೆ ಮಾಡಿಸದೆ ಮುಂದುವರಿಯಬೇಡಿರಿ. ಸೆಕೆಂಡ್ ಹ್ಯಾಂಡ್ ಪೇಟೆಗೆ ಇಂಥವು ಬರುತ್ತಲೇ ಇರುತ್ತವೆ. ಓಝೋನ್ ಪೆಟ್ಟಿಗೆ ಬೇಡ. ಸಾಬೂನು ನೀರು ಮಾಸ್ಕಿಗೂ ಪೈಪಿಗೂ ಧಾರಾಳ ಸಾಕು.

ಹ್ಯುಮಿಡಿಫೈಯರ್ ಎಂಬ ನೀರಿನ ಡಬ್ಬಿ ಬೇಕೇ? ಎ.ಸಿ. ಕೋಣೆಯಲ್ಲಿ ಮಲಗುವವರಿಗೆ, ಮೂಗು ಗಂಟಲು ಒಣಗುವವರಿಗೆ ಬೇಕು. ಮಳೆಗಾಲದಲ್ಲಿ ಅದನ್ನು ಹೆಚ್ಚಿಗೆ ಇಟ್ಟರೆ ಪೈಪಿನಲ್ಲಿ ನೀರು ಕೂಡಿ ಮೂಗಿಗೆ ಬೀಳುತ್ತದೆ. ಡಬ್ಬಿಯನ್ನು ಬೇರ್ಪಡಿಸಿ ತೊಳೆಯಲು ಬರುವ ಯಂತ್ರವನ್ನೇ ಆರಿಸಿರಿ. ಬಟ್ಟಿ ಇಳಿಸಿದ ನೀರು ಹಾಕಿ, ಬೆಳಗ್ಗೆ ಎದ್ದ ಕೂಡಲೇ ಚೆಲ್ಲಿ ಒಣಗಿಸಿರಿ. ರವದಿ ಸುಡುವ ದಿನಗಳಲ್ಲಿ ಫಿಲ್ಟರು ಎಂಟೇ ದಿನಕ್ಕೆ ಕಪ್ಪಾದರೆ ಎಂಟೇ ದಿನಕ್ಕೆ ಬದಲಿಸಿರಿ, ತಿಂಗಳು ಕಾಯಬೇಕೆಂದೇನಿಲ್ಲ.

ಇನ್ನು ಕರೆಂಟು. ನೀರು ಕಾಯಿಸುವ ತಟ್ಟೆ ಬಂದ್ ಇದ್ದರೆ ಯಂತ್ರಕ್ಕೆ ೩೦–೪೦ ವ್ಯಾಟ್ ಸಾಕು. ತಟ್ಟೆಯೂ ಬಿಸಿ ಪೈಪೂ ನಡೆದರೆ ೮೦ರ ಸುಮಾರಿಗೆ ಹೋಗಬಹುದು. ೧೨ ವೋಲ್ಟಿನ, ೧೫೦ ಆಂಪಿಯರ್ ತಾಸಿನ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ ೧,೮೦೦ ವ್ಯಾಟ್ ತಾಸು ಇದೆ. ಅರ್ಧ ಕೈಗೆ ಬಂತೆಂದು ಹಿಡಿದರೂ ೯೦೦. ಎಂಟು ತಾಸಿಗೆ ಯಂತ್ರ ತಿನ್ನುವುದು ಸುಮಾರು ೩೦೦. ಹಳೆಯ ನಮೂನೆಯ ಫ್ಯಾನು ಅದೇ ಎಂಟು ತಾಸಿಗೆ ೬೦೦ ತಿನ್ನುತ್ತದೆ. ಗಾಳಿಮಳೆಯ ರಾತ್ರಿ ಲೈನು ಹೋದಾಗ ಮೊದಲು ತಟ್ಟೆ ಬಂದ್ ಮಾಡಿರಿ, ಸಾಧ್ಯವಾದರೆ ಫ್ಯಾನೂ ಬಂದ್ ಮಾಡಿರಿ. ಇನ್ವರ್ಟರು ಸೈನ್ ವೇವ್ ಜಾತಿಯದಿರಲಿ. ಟ್ರಾಕ್ಟರ್ ಅಥವಾ ಲಾರಿಯ ಬ್ಯಾಟರಿಯಿಂದ ನಡೆಸುವ ವಿಚಾರವಿದ್ದರೆ ಯಂತ್ರ ೧೨ ವೋಲ್ಟಿನದೋ ೨೪ ವೋಲ್ಟಿನದೋ ನೋಡಿ ಕಂಪನಿಯ ತಂತಿಯನ್ನೇ ಕೊಳ್ಳಬೇಕು. ನೇರವಾಗಿ ತಂತಿ ಸಿಕ್ಕಿಸಿದರೆ ಯಂತ್ರ ಸುಡುತ್ತದೆ.

ಮಾರುವವರನ್ನು ಆರಿಸುವುದು ಯಂತ್ರವನ್ನು ಆರಿಸಿದಷ್ಟೇ ಮುಖ್ಯ. ೨೦೨೦ರ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾಯಿದೆಯ ಕೆಳಗೆ ಬಂದಿವೆ. ಪರದೇಶದ ಯಂತ್ರವಾದರೆ ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ, ಪರವಾನಿಗೆ ಸಂಖ್ಯೆ ಇರಬೇಕು. ರಸೀದಿಯಲ್ಲಿ ಕ್ರಮಸಂಖ್ಯೆ ಬರೆಸಿರಿ. ಗ್ಯಾರಂಟಿ ಅವಧಿಯಲ್ಲಿ ಕೆಟ್ಟರೆ ರಿಪೇರಿ ಆಗುವವರೆಗೆ ಬದಲಿ ಯಂತ್ರ ಕೊಡುವಿರಾ ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆಯೇ ಬರೆಸಿರಿ. ವಾಸ್ಕೋ, ಮಡಗಾಂವ, ಪಣಜಿಯಲ್ಲಿ ಮಾರುವ ಮನುಷ್ಯ ಸಿಗುತ್ತಾನೆ. ಕೆಟ್ಟ ಯಂತ್ರ ಮಾತ್ರ ಮುಂಬಯಿಗೋ ಬೆಂಗಳೂರಿಗೋ ಹೋಗಿ ಮೂರು ವಾರ ಕೂರುತ್ತದೆ. ಸಾಧ್ಯವಿದ್ದರೆ ಒಂದು ವಾರ ಬಾಡಿಗೆಗೆ ಪಡೆದು ಮಲಗಿ ನೋಡಿ ಆಮೇಲೆ ಹಣ ಕೊಡಿರಿ.

ಆ ಮೂರು ವಾರಗಳ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿರಿ. ಯಂತ್ರ ಬಿಟ್ಟ ಕೆಲವೇ ರಾತ್ರಿಗಳಲ್ಲಿ ರೋಗ ಇದ್ದಲ್ಲಿಗೇ ಬರುತ್ತದೆ. ಬಾಡಿಗೆ ಯಂತ್ರ ಸಿಗದಿದ್ದರೆ ಮಗ್ಗುಲಾಗಿ ಮಲಗಿರಿ, ತಲೆಯ ಕಡೆ ಎತ್ತರ ಮಾಡಿರಿ. ನಿದ್ರೆ ಗುಳಿಗೆ ಬೇಡ. ಸಂಜೆಯ ಫೆನ್ನಿಯೂ ಬೇಡ. ಇದನ್ನು ಓದಿ ಕೆಲವರ ಮುಖ ಸಣ್ಣದಾಗುವುದು ಗೊತ್ತು, ಆದರೆ ಮದ್ಯವು ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತದೆ. ರಾತ್ರಿ ಗಾಡಿಯ ಸ್ಟೇರಿಂಗ್ ಮಾತ್ರ ಆ ದಿನಗಳಲ್ಲಿ ಕಡ್ಡಾಯವಾಗಿ ಬೇರೆಯವರ ಕೈಯಲ್ಲಿರಲಿ. ಮಾಲೀಕರಾದವರು ಡ್ರೈವರನ ಪಾಳಿ ಬದಲಿಸಿ ಕೊಡಬೇಕು, ಕೂಲಿ ಕಡಿಯಬಾರದು. ಕೂಲಿ ಕಡಿದರೆ ಅವನು ರೋಗ ಮುಚ್ಚಿಟ್ಟುಕೊಂಡೇ ಗಾಡಿ ಹತ್ತುತ್ತಾನೆ.

ಹೊಸ ಯಂತ್ರ ಬಂದು ಒಂದು ತಿಂಗಳಾದ ಮೇಲೆ ಅದರ ಕಾರ್ಡನ್ನು ಡಾಕ್ಟರರಿಗೆ ತೋರಿಸಿರಿ. ತಾಸಿಗೆ ಉಸಿರು ತಡೆಯುವ ಸಂಖ್ಯೆ ಐದಕ್ಕಿಂತ ಕೆಳಗಿದೆಯೇ, ಗಾಳಿ ಸೋರುತ್ತಿಲ್ಲವೇ ಎಂದು ನೋಡಿಸಿರಿ. ಮನೆಯಾಕೆಯನ್ನೂ ಜೊತೆಗೆ ಕರೆದೊಯ್ಯಿರಿ. ಕಾರ್ಡಿಗೆ ಗೊತ್ತಾಗದ ಕೆಲವು ಸಂಗತಿ ಆಕೆಗೆ ಗೊತ್ತಿರುತ್ತವೆ.